ಹಳೆಯ ಟೇಪು ಕ್ಯಾಮ್‌ಕಾರ್ಡರಿನ ಪುನರ್ದರ್ಶನದೋಷಗಳು: ಲಕ್ಷಣ, ನಿದಾನ, ಪರಿಹಾರ

ಓಲೆಗರಿಯ ಕಟ್ಟೊಂದು ಕೈಗೆ ಬಂದಾಗ ಅದನ್ನು ಒಡನೆಯೇ ಬಿಚ್ಚಿ ಓದತೊಡಗುವ ವಿದ್ವಾಂಸನಿಲ್ಲ. ದಾರವು ಜೀರ್ಣವಾಗಿದೆಯೇ, ಗರಿಗಳು ಒಂದಕ್ಕೊಂದು ಅಂಟಿಕೊಂಡಿವೆಯೇ, ಅಂಚುಗಳನ್ನು ಹುಳು ತಿಂದಿದೆಯೇ ಎಂಬುದನ್ನು ನೋಡಿಕೊಂಡು ಆಮೇಲೆ ಗರಿಯನ್ನು ಮುಟ್ಟುವುದು ಗ್ರಂಥಸಂಪಾದಕರ ಪದ್ಧತಿ. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿಯೂ ಈ ಶತಮಾನದ ಆದಿಯಲ್ಲಿಯೂ ಕನ್ನಡನಾಡಿನ ಅಧ್ಯಾಪಕರೂ ಸಂಶೋಧಕರೂ ವಿಡಿಯೋ ಟೇಪಿನಲ್ಲಿ ತುಂಬಿಟ್ಟ ಯಕ್ಷಗಾನ ಪ್ರಸಂಗಗಳು, ಗಮಕವಾಚನಗಳು, ಪಾಡ್ದನಗಳು, ನೀಲಗಾರರ ಹಾಗೂ ಗೊಂದಲಿಗರ ಹಾಡುಗಳು, ಹಿರಿಯ ಸಾಹಿತಿಗಳ ಉಪನ್ಯಾಸಗಳು ಇವುಗಳಿಗೂ ಅಂತಹ ಎಚ್ಚರಿಕೆಯೇ ಸಲ್ಲಬೇಕು. ಆದರೆ ಅನೇಕ ವೇಳೆ ಅದು ಸಲ್ಲುವುದಿಲ್ಲ. ಬಹುಕಾಲ ಮೂಲೆಯಲ್ಲಿದ್ದ ಕ್ಯಾಮ್‌ಕಾರ್ಡರನ್ನು ತೆಗೆದು, ಕ್ಯಾಸೆಟ್ಟನ್ನು ಹಾಕಿ, ಗುಂಡಿಯನ್ನು ಒತ್ತುವರು. ತೆರೆಯ ಮೇಲೆ ಬರಿಯ ನೀಲಿ ಬಣ್ಣ ಕಂಡರೆ, ಟೇಪು ಅಳಿಸಿಹೋಯಿತೆಂದು ನಿರ್ಣಯಿಸಿ ಕ್ಯಾಸೆಟ್ಟನ್ನು ಬಿಸುಡುವರು. ಓದುವ ಕಣ್ಣಿಗೆ ಪೊರೆ ಬಂದಿರುವಾಗ ಗ್ರಂಥದಲ್ಲಿ ಅಕ್ಷರವಿಲ್ಲವೆಂದಂತೆ ಈ ನಿರ್ಣಯವು.

ಟೇಪಿನಲ್ಲಿ ಬರೆದುದನ್ನು ಯಂತ್ರವು ಮರಳಿ ತೋರಿಸುವ ಕಾರ್ಯಕ್ಕೆ ಇಲ್ಲಿ ಪುನರ್ದರ್ಶನವೆಂದು ಹೆಸರು. ಅದರಲ್ಲಿ ತೋರುವ ದೋಷಗಳಾವುವು, ಅವುಗಳ ಮೂಲವನ್ನು ಹೇಗೆ ಗೊತ್ತುಮಾಡಬೇಕು, ಮನೆಯಲ್ಲಿಯೇ ಮಾಡಬಹುದಾದುದೇನು, ಕುಶಲಿಗೆ ಬಿಡತಕ್ಕದ್ದೇನು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೧. ಯಂತ್ರವು ಓದುವ ಬಗೆ

ಟೇಪೆಂಬುದು ಪಾಲಿಯೆಸ್ಟರಿನ ತೆಳುವಾದ ಪಟ್ಟಿ. ಅದರ ಒಂದು ಮೈಗೆ ಕಾಂತಗುಣವುಳ್ಳ ಸೂಕ್ಷ್ಮಕಣಗಳನ್ನು ಅಂಟಿನೊಡನೆ ಬೆರೆಸಿ ಲೇಪಿಸಿರುವರು. ಕೆಲವು ಜಾತಿಯ ಟೇಪುಗಳಲ್ಲಿ ಅಂಟಿಲ್ಲದೆ ಲೋಹವನ್ನೇ ನಿರ್ವಾತದಲ್ಲಿ ಆವಿಯಾಗಿಸಿ ಹಚ್ಚಿರುವುದೂ ಉಂಟು. ಯಂತ್ರದೊಳಗೆ ಓರೆಯಾಗಿ ನಿಂತ ಒಂದು ಲೋಹದ ಡ್ರಮ್ಮು ಇರುವುದು. ಅದರ ಅಂಚಿನಲ್ಲಿ ಹೆಡ್ಡುಗಳೆಂಬ ಅತಿಸೂಕ್ಷ್ಮ ಕಾಂತಗಳಿವೆ. ಸಾಮಾನ್ಯವಾಗಿ ಇವು ಎರಡು, ಒಂದಕ್ಕೊಂದು ಎದುರು ಬದಿರು. ಗುಂಡಿಯನ್ನು ಒತ್ತಿದೊಡನೆ ಯಂತ್ರವು ಕ್ಯಾಸೆಟ್ಟಿನಿಂದ ಟೇಪನ್ನು ಹೊರಕ್ಕೆಳೆದು ಡ್ರಮ್ಮಿಗೆ ಸುತ್ತುವುದು. ಟೇಪು ನಿಧಾನವಾಗಿ ಸರಿಯುತ್ತಿರಲು ಡ್ರಮ್ಮು ವೇಗವಾಗಿ ತಿರುಗುವುದು. ಹೀಗಾಗಿ ಬರಹವು ಟೇಪಿನ ಉದ್ದಕ್ಕೆ ನೇರವಾಗಿ ಸಾಗದೆ, ಒಂದರ ಪಕ್ಕಕ್ಕೊಂದು ಓರೆಗೆರೆಗಳಾಗಿ ಬೀಳುವುದು.

ಈ ಗೆರೆಗಳ ಸೂಕ್ಷ್ಮತೆಯನ್ನು ಅಂಕಿಗಳಿಂದ ತಿಳಿಯಬಹುದು. ೧೯೯೫ರಲ್ಲಿ ಬಂದ ಮಿನಿಡಿವಿ ಎಂಬ ಬಗೆಯಲ್ಲಿ ಟೇಪಿನ ಅಗಲ ೬.೩೫ ಮಿಲಿಮೀಟರು, ಡ್ರಮ್ಮಿನ ವ್ಯಾಸ ೨೧.೭ ಮಿಲಿಮೀಟರು, ಡ್ರಮ್ಮು ನಿಮಿಷಕ್ಕೆ ೯೦೦೦ ಸುತ್ತು ತಿರುಗುವುದು. ಎಂದರೆ ಸೆಕೆಂಡಿಗೆ ೧೫೦ ಸುತ್ತು. ಸುತ್ತಿಗೆ ಎರಡು ಗೆರೆಯಂತೆ ೩೦೦ ಗೆರೆ. ಭಾರತದಲ್ಲಿ ರೂಢಿಯಲ್ಲಿದ್ದ ಪಾಲ್ ಕ್ರಮದಲ್ಲಿ ಸೆಕೆಂಡಿಗೆ ೨೫ ಚಿತ್ರಗಳಾದುದರಿಂದ ಒಂದೊಂದು ಚಿತ್ರಕ್ಕೆ ೧೨ ಗೆರೆಗಳಾದುವು. ಟೇಪು ಸೆಕೆಂಡಿಗೆ ಎರಡು ಸೆಂಟಿಮೀಟರಿಗೂ ಕಡಮೆ ಸರಿದರೆ, ಹೆಡ್ಡಿನ ತುದಿಯು ಅದೇ ಕಾಲದಲ್ಲಿ ಹತ್ತು ಮೀಟರಿನಷ್ಟು ಓಡುವುದು. ಗೆರೆಯ ಅಗಲವಾದರೋ ಹತ್ತು ಮೈಕ್ರಾನು, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು. ಇಷ್ಟು ಸೂಕ್ಷ್ಮವಾದ ಲಿಪಿಯನ್ನು ಇಷ್ಟು ವೇಗದಲ್ಲಿ ಓದುವಾಗ ಧೂಳಿನ ಒಂದು ಕಣವೂ ಬಂಡೆಯಂತೆ ಅಡ್ಡವಾಗುವುದರಲ್ಲಿ ಆಶ್ಚರ್ಯವಿಲ್ಲ.

ಕ್ಯಾಸೆಟ್ಟಿನ ಜಾತಿಭೇದವನ್ನೂ ಇಲ್ಲಿಯೇ ತಿಳಿದುಕೊಳ್ಳಬೇಕು. ೧೯೮೨ರಲ್ಲಿ ಬಂದ ವಿ.ಎಚ್.ಎಸ್.-ಸಿ ಎಂಬುದು ಅರ್ಧ ಅಂಗುಲದ ಟೇಪಿನ ಚಿಕ್ಕ ಕ್ಯಾಸೆಟ್ಟು. ಎಂಟು ಮಿಲಿಮೀಟರಿನ ಟೇಪಿನಲ್ಲಿ ಮೂರು ಬಗೆಯುಂಟು: ೧೯೮೫ರ ವಿಡಿಯೋ೮, ೧೯೮೯ರ ಹೈ೮, ೧೯೯೯ರ ಡಿಜಿಟಲ್೮. ಈ ಮೂರರ ಪೆಟ್ಟಿಗೆಯೂ ಹೊರನೋಟಕ್ಕೆ ಒಂದೇ. ಒಳಗಿನ ಬರಹವು ಬೇರೆ ಬೇರೆ. ವಿಡಿಯೋ೮ನ್ನು ಮಾತ್ರ ಬಲ್ಲ ಯಂತ್ರವು ಹೈ೮ರ ಬರಹವನ್ನು ಸರಿಯಾಗಿ ಓದಲಾರದು. ಡಿಜಿಟಲ್೮ರ ಬರಹವನ್ನಂತೂ ಹಳೆಯ ಎರಡು ಬಗೆಯ ಯಂತ್ರಗಳು ಓದಲಾರವು. ಡಿಜಿಟಲ್೮ ಯಂತ್ರಗಳಲ್ಲಿ ಹಲವು ಹಳೆಯ ಎರಡನ್ನೂ ಓದಬಲ್ಲುವು, ಎಲ್ಲವೂ ಅಲ್ಲ. ಒಂದೇ ಬಗೆಯ ಓಲೆಯಲ್ಲಿ ನಂದಿನಾಗರಿ, ತಿಗಳಾರಿ, ಕನ್ನಡ ಮೂರೂ ಇರಬಹುದಷ್ಟೆ. ಓಲೆಯನ್ನು ನೋಡಿ ಲಿಪಿಯನ್ನು ಊಹಿಸಲಾಗದು.

೨. ಪರೀಕ್ಷೆಗೆ ಮುನ್ನ

ಬೆಲೆಯುಳ್ಳ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವುದಕ್ಕೆ ಮುಂಚೆ ಪಾಲಿಸತಕ್ಕ ನಿಯಮಗಳು ಐದು.

ಮೊದಲನೆಯದು, ಬರಹದ ರಕ್ಷಣೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಹೊಸ ಬರಹವನ್ನು ತಡೆಯುವ ಚಿಕ್ಕ ಕೀಲೊಂದುಂಟು. ಎಂಟು ಮಿಲಿಮೀಟರಿನ ಕ್ಯಾಸೆಟ್ಟಿನಲ್ಲಿ ಅದನ್ನು ಸರಿಸಿದರೆ ಕೆಂಪು ಗುರುತು ತೋರುವುದು. ಮಿನಿಡಿವಿಯಲ್ಲಿ ಅದನ್ನು ‘ಸೇವ್’ ಎಂಬ ಕಡೆಗೆ ಸರಿಸಬೇಕು. ಇದನ್ನು ಮರೆತು ತಪ್ಪು ಗುಂಡಿಯನ್ನು ಒತ್ತಿದರೆ ಹಳೆಯ ಬರಹದ ಮೇಲೆ ಹೊಸದು ಬೀಳುವುದು. ಆ ನಷ್ಟಕ್ಕೆ ಪರಿಹಾರವಿಲ್ಲ.

ಎರಡನೆಯದು, ಶಕ್ತಿಯ ಭದ್ರತೆ. ಹಳೆಯ ಬ್ಯಾಟರಿಯನ್ನು ನಂಬದೆ, ಗೋಡೆಯ ವಿದ್ಯುತ್ತಿಗೆ ಸೇರಿಸುವ ಅಡಾಪ್ಟರನ್ನೇ ಉಪಯೋಗಿಸಬೇಕು. ನಡುವೆ ಶಕ್ತಿ ನಿಂತುಹೋದರೆ ಟೇಪು ಡ್ರಮ್ಮಿಗೆ ಸುತ್ತಿಕೊಂಡಂತೆಯೇ ಉಳಿದು ಸಿಕ್ಕಿಬೀಳುವುದು.

ಮೂರನೆಯದು, ಕಣ್ಣಿನ ಪರೀಕ್ಷೆ. ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯನ್ನು ನೋಡಬೇಕು. ಅದು ಕನ್ನಡಿಯಂತೆ ಸಮವಾಗಿದ್ದರೆ ಒಳ್ಳೆಯದು. ಬಿಳಿಯ ಪುಡಿ ಅಥವಾ ಜೇಡನ ಬಲೆಯಂತಹ ಎಳೆ ಕಂಡರೆ ಅದು ಬೂಷ್ಟು. ಅಂತಹುದನ್ನು ಯಾವ ಯಂತ್ರಕ್ಕೂ ಹಾಕಕೂಡದು. ಹಾಕಿದಲ್ಲಿ ಬೂಷ್ಟಿನ ಬೀಜವು ಯಂತ್ರಕ್ಕೂ, ಯಂತ್ರದಿಂದ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುವುದು.

ನಾಲ್ಕನೆಯದು, ಬಲಿಪರೀಕ್ಷೆ. ಹೋದರೂ ಚಿಂತೆಯಿಲ್ಲದ ಅದೇ ಜಾತಿಯ ಒಂದು ಕ್ಯಾಸೆಟ್ಟನ್ನು ಮೊದಲು ಹಾಕಿ, ಯಂತ್ರವು ಟೇಪನ್ನು ಎಳೆದು, ಓಡಿಸಿ, ನಿಲ್ಲಿಸಿ, ಕ್ಷೇಮವಾಗಿ ಹಿಂದಿರುಗಿಸುವುದೇ ಎಂದು ನೋಡಬೇಕು.

ಐದನೆಯದು, ಸುರುಳಿಯ ಸಮತೆ. ಬಹುವರ್ಷ ಒಂದೇ ಬಗೆಯಲ್ಲಿ ನಿಂತ ಟೇಪಿನಲ್ಲಿ ಬಿಗಿತವು ಸಮವಾಗಿರುವುದಿಲ್ಲ. ನೋಟಕ್ಕೆ ಆರೋಗ್ಯವಾಗಿರುವ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ಬಿಗಿತವು ಸಮವಾಗುವುದು. ಸುಕ್ಕಾದ ಅಥವಾ ಅಂಟಿಕೊಂಡ ಟೇಪಿಗೆ ಇದನ್ನು ಮಾಡಕೂಡದು.

೩. ದೋಷದ ಆಶ್ರಯವನ್ನು ಗೊತ್ತುಮಾಡುವ ಕ್ರಮ

ದೋಷವು ಮೂರು ಎಡೆಗಳಲ್ಲಿ ಇರಬಹುದು: ಟೇಪಿನಲ್ಲಿ, ಯಂತ್ರದಲ್ಲಿ, ಅಥವಾ ಯಂತ್ರದಿಂದ ಟೆಲಿವಿಷನ್ನಿಗೆ ಹೋಗುವ ತಂತಿಯ ಮಾರ್ಗದಲ್ಲಿ. ಇವುಗಳನ್ನು ಬೇರ್ಪಡಿಸಲು ಶಾಸ್ತ್ರಜ್ಞರಿಗೆ ಪರಿಚಿತವಾದ ಅನ್ವಯವ್ಯತಿರೇಕ ಕ್ರಮವೇ ಸಾಕು. ಯಾವುದು ಇದ್ದರೆ ದೋಷವಿದ್ದು, ಯಾವುದನ್ನು ತೆಗೆದರೆ ದೋಷವು ತೊಲಗುವುದೋ ಅದೇ ದೋಷಕ್ಕೆ ಕಾರಣ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ಮೊದಲು ತಂತಿಯನ್ನೆಲ್ಲ ಕಳಚಿ ಕ್ಯಾಮ್‌ಕಾರ್ಡರಿನ ಸ್ವಂತ ತೆರೆಯಲ್ಲಿ ಅಥವಾ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ನೋಡಬೇಕು. ಅಲ್ಲಿ ಚಿತ್ರವು ಚೆನ್ನಾಗಿದ್ದು ಟೆಲಿವಿಷನ್ನಿನಲ್ಲಿ ಮಾತ್ರ ಕೆಟ್ಟಿದ್ದರೆ ದೋಷವು ತಂತಿಯದು ಅಥವಾ ಟೆಲಿವಿಷನ್ನಿನದು. ಎರಡರಲ್ಲಿಯೂ ಕೆಟ್ಟಿದ್ದರೆ, ಚೆನ್ನಾಗಿದೆಯೆಂದು ಮೊದಲೇ ಗೊತ್ತಿರುವ ಕ್ಯಾಸೆಟ್ಟನ್ನು ಹಾಕಬೇಕು. ಅದು ಸರಿಯಾಗಿ ಓಡಿದರೆ ಸಂಶಯವು ಹಳೆಯ ಟೇಪಿನ ಕಡೆಗೆ ತಿರುಗುವುದು. ಅದೂ ಕೆಟ್ಟಿದ್ದರೆ ಯಂತ್ರದ ಕಡೆಗೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಕೊಳೆಯಾದ ಟೇಪು ತಾನು ಕಾಣದಿರುವುದಲ್ಲದೆ ಹೆಡ್ಡುಗಳನ್ನೂ ಕೊಳೆಮಾಡಿ ಹೋಗುವುದು. ಆದಕಾರಣ ಒಳ್ಳೆಯ ಕ್ಯಾಸೆಟ್ಟನ್ನು ಸಂಶಯದ ಕ್ಯಾಸೆಟ್ಟಿಗೆ ಮುಂಚೆ ಒಮ್ಮೆ, ಅನಂತರ ಒಮ್ಮೆ, ಹೀಗೆ ಎರಡಾವರ್ತಿ ಓಡಿಸಬೇಕು. ಮುಂಚೆ ಚೆನ್ನಾಗಿ ಓಡಿ ಅನಂತರ ಕೆಟ್ಟರೆ ನಡುವಿನ ಟೇಪೇ ಕೊಳೆಯ ಮೂಲವೆಂದು ಸಿದ್ಧವಾಯಿತು. ಯಂತ್ರದ ಹೆಡ್ಡು ಹಾಳಾಗಿಲ್ಲ, ಮುಚ್ಚಿಹೋಗಿದೆ, ಅಷ್ಟೆ. ಈ ಕ್ರಮವನ್ನು ಬಿಟ್ಟವರು ಒಂದೇ ಟೇಪಿನ ಕೊಳೆಯನ್ನು ಕಂಡು ಯಂತ್ರವನ್ನೇ ತಳ್ಳಿಹಾಕುವ ಸಂಭವವುಂಟು.

೪. ಲಕ್ಷಣಗಳೂ ನಿದಾನವೂ

(ಅ) ಚಿತ್ರವೂ ಇಲ್ಲ, ಶಬ್ದವೂ ಇಲ್ಲ, ತೆರೆಯು ನೀಲಿ. ಓದತಕ್ಕ ಸಂಕೇತವು ಸಿಗದಾಗ ಅನೇಕ ಯಂತ್ರಗಳು ತಾವಾಗಿಯೇ ತೆರೆಯನ್ನು ನೀಲಿಯಾಗಿಸುವುವು. ಇದರಿಂದ ಟೇಪು ಬರಿದೆಂದು ಹೇಳಲಾಗದು. ಹೆಡ್ಡುಗಳು ಮುಚ್ಚಿರುವುದು, ಕ್ಯಾಸೆಟ್ಟು ಬೇರೆ ಬಗೆಯ ಬರಹದ್ದಾಗಿರುವುದು, ಟೇಪು ಕೊನೆಯಲ್ಲಿ ಬರಹವಿಲ್ಲದ ಭಾಗದಲ್ಲಿ ನಿಂತಿರುವುದು ಇವೆಲ್ಲಕ್ಕೂ ಲಕ್ಷಣವೊಂದೇ. ಮೊದಲು ಟೇಪನ್ನು ಆದಿಗೆ ಸುತ್ತಿ ನೋಡಿ, ಆಮೇಲೆ ಹೆಡ್ಡನ್ನು ಶುದ್ಧಮಾಡಿ ನೋಡಿ, ಆಮೇಲೆ ಬಗೆಯನ್ನು ವಿಚಾರಿಸತಕ್ಕದ್ದು.

(ಆ) ಶಬ್ದವುಂಟು, ಚಿತ್ರವಿಲ್ಲ. ಇದರ ಅರ್ಥವು ಟೇಪಿನ ಜಾತಿಯನ್ನು ಅನುಸರಿಸುವುದು. ವಿ.ಎಚ್.ಎಸ್. ಜಾತಿಯಲ್ಲಿ ಶಬ್ದವನ್ನು ಟೇಪಿನ ಅಂಚಿನಲ್ಲಿ ನೇರವಾದ ಗೆರೆಯಾಗಿ ಬರೆದಿರುವರು. ಅದನ್ನು ಓದಲು ಬೇರೊಂದು ಚಲಿಸದ ಹೆಡ್ಡು ಇರುವುದು. ಆದ್ದರಿಂದ ತಿರುಗುವ ಹೆಡ್ಡು ಮುಚ್ಚಿಹೋದರೂ ಶಬ್ದವು ಉಳಿಯುವುದು. ಎಂಟು ಮಿಲಿಮೀಟರಿನ ಜಾತಿಯಲ್ಲಿಯೂ ಮಿನಿಡಿವಿಯಲ್ಲಿಯೂ ಶಬ್ದವು ಚಿತ್ರದೊಡನೆ ಅದೇ ಓರೆಗೆರೆಗಳಲ್ಲಿ ಸೇರಿರುವುದು. ಅಲ್ಲಿ ಹೆಡ್ಡು ಮುಚ್ಚಿದರೆ ಎರಡೂ ಹೋಗುವುವು. ಹಾಗಾದರೆ ಈ ಜಾತಿಗಳಲ್ಲಿ ಶಬ್ದವು ಶುದ್ಧವಾಗಿದ್ದು ಚಿತ್ರವು ಮಾತ್ರ ಇಲ್ಲವಾದಲ್ಲಿ ಹೆಡ್ಡನ್ನು ಸಂಶಯಿಸುವುದಕ್ಕೆ ಮುಂಚೆ ತಂತಿಯನ್ನೂ ಯಂತ್ರದ ಚಿತ್ರಮಂಡಲವನ್ನೂ ಸಂಶಯಿಸಬೇಕು.

(ಇ) ಚಿತ್ರವು ಪಟ್ಟೆಪಟ್ಟೆಯಾಗಿ ಒಡೆಯುವುದು. ಮಿನಿಡಿವಿಯಲ್ಲಿ ಅಡ್ಡಪಟ್ಟೆಗಳು ಒಂದು ಬಿಟ್ಟು ಒಂದು ಚಲಿಸುತ್ತ, ಉಳಿದುವು ಹೆಪ್ಪುಗಟ್ಟಿದಂತೆ ನಿಂತಿರುವುದುಂಟು. ಎರಡು ಹೆಡ್ಡುಗಳು ಗೆರೆಗಳನ್ನು ಸರದಿಯಂತೆ ಓದುವುದರಿಂದ, ಒಂದು ಮುಚ್ಚಿದರೆ ಹನ್ನೆರಡರಲ್ಲಿ ಆರು ಗೆರೆಗಳು ಕಾಣೆಯಾಗುವುವು. ಈ ಲಕ್ಷಣಕ್ಕೆ ಅದೇ ಕಾರಣ. ವಿಡಿಯೋ೮, ಹೈ೮ಗಳಲ್ಲಿ ಅದೇ ದೋಷವು ಚಿತ್ರದ ಮೇಲೆ ಎಡೆಬಿಡದೆ ಮಿನುಗುವ ಮಂಜಿನಂತೆ ತೋರುವುದು. ಎರಡಕ್ಕೂ ಚಿಕಿತ್ಸೆಯು ಹೆಡ್ಡಿನ ಶುದ್ಧೀಕರಣವೇ.

(ಈ) ಚಿತ್ರದ ಮೇಲುಭಾಗದಲ್ಲಾಗಲಿ ಕೆಳಭಾಗದಲ್ಲಾಗಲಿ ಮಂಜಿನ ಒಂದು ಪಟ್ಟಿಯು ಕದಲದೆ ನಿಲ್ಲುವುದು. ಇದು ಕೊಳೆಯಲ್ಲ. ಟೇಪನ್ನು ಡ್ರಮ್ಮಿನ ಪಕ್ಕದಲ್ಲಿ ಹಿಡಿದಿಡುವ ಕಂಬಗಳ ಎತ್ತರವು, ಬರೆದ ಯಂತ್ರದಲ್ಲಿ ಒಂದು ಬಗೆ, ಓದುವ ಯಂತ್ರದಲ್ಲಿ ಇನ್ನೊಂದು ಬಗೆ ಇದ್ದರೆ, ಹೆಡ್ಡು ಗೆರೆಯ ಮೊದಲಲ್ಲಿಯೋ ಕೊನೆಯಲ್ಲಿಯೋ ದಾರಿತಪ್ಪುವುದು. ವಿ.ಎಚ್.ಎಸ್. ಯಂತ್ರಗಳಲ್ಲಿ ಇದನ್ನು ಸ್ವಲ್ಪಮಟ್ಟಿಗೆ ಸರಿಪಡಿಸುವ ‘ಟ್ರ್ಯಾಕಿಂಗ್’ ತಿರುಪು ಇರುವುದು. ಎಂಟು ಮಿಲಿಮೀಟರು ಹಾಗೂ ಮಿನಿಡಿವಿ ಯಂತ್ರಗಳು ಗೆರೆಯೊಳಗೇ ಅಡಗಿಸಿಟ್ಟ ಸಂಜ್ಞೆಗಳನ್ನು ಅನುಸರಿಸಿ ತಾವಾಗಿಯೇ ದಾರಿಹಿಡಿಯುವುದರಿಂದ ಅವುಗಳಲ್ಲಿ ಅಂತಹ ತಿರುಪಿಲ್ಲ. ದೀರ್ಘಾವಧಿಯ ‘ಎಲ್.ಪಿ.’ ಕ್ರಮದಲ್ಲಿ ಬರೆದ ಮಿನಿಡಿವಿ ಟೇಪಿನಲ್ಲಿ ಗೆರೆಯ ಅಗಲವು ಹತ್ತು ಮೈಕ್ರಾನಿನಿಂದ ೬.೬೭ಕ್ಕೆ ಇಳಿಯುವುದರಿಂದ ಈ ದೋಷವು ಅಲ್ಲಿ ಹೆಚ್ಚು.

ಇದರಿಂದ ಫಲಿಸುವ ಮುಖ್ಯವಾದ ನಿಯಮವೊಂದುಂಟು. ಕೆಟ್ಟ ಕೈಬರಹದ ಲಿಪಿಕಾರನು ತನ್ನ ಬರಹವನ್ನು ತಾನೇ ಚೆನ್ನಾಗಿ ಓದಬಲ್ಲನು. ಹಾಗೆಯೇ ಕಂಬಗಳು ವಾರೆಯಾದ ಯಂತ್ರದಲ್ಲಿ ಬರೆದ ಟೇಪನ್ನು ಆ ವಾರೆಯ ಯಂತ್ರವೇ ಚೆನ್ನಾಗಿ ಓದುವುದು. ಆದುದರಿಂದ ಟೇಪುಗಳನ್ನು ಬರೆದ ಮೂಲ ಕ್ಯಾಮ್‌ಕಾರ್ಡರು ಉಳಿದಿದ್ದರೆ ಅದನ್ನು ಟೇಪುಗಳೊಡನೆಯೇ ಕಾಪಾಡಬೇಕು. ಪ್ರತಿ ಮಾಡುವ ಕಾರ್ಯವು ಮುಗಿಯುವವರೆಗೆ ಅದರ ಕಂಬಗಳನ್ನು ‘ಸರಿಪಡಿಸ’ಕೂಡದು.

(ಉ) ಚಿತ್ರವುಂಟು, ಬಣ್ಣವಿಲ್ಲ. ಮೊದಲು ತಂತಿಯನ್ನು ನೋಡಬೇಕು. ಕಪ್ಪುಬಿಳುಪನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಒಯ್ಯುವ ಎಸ್-ವಿಡಿಯೋ ತಂತಿಯನ್ನು, ಎರಡನ್ನೂ ಕೂಡಿಸಿ ಪಡೆಯುವ ಸಾಮಾನ್ಯ ಕಿಂಡಿಗೆ ಸೇರಿಸಿದರೆ ಬಣ್ಣವು ಹೋಗುವುದು. ಎರಡನೆಯ ಕಾರಣವು ದೇಶಭೇದ. ಭಾರತದ ಪಾಲ್ ಕ್ರಮದಲ್ಲಿ ೬೨೫ ರೇಖೆಗಳು, ಸೆಕೆಂಡಿಗೆ ೨೫ ಚಿತ್ರಗಳು. ಅಮೆರಿಕದ ಎನ್.ಟಿ.ಎಸ್.ಸಿ. ಕ್ರಮದಲ್ಲಿ ೫೨೫ ರೇಖೆಗಳು, ಸೆಕೆಂಡಿಗೆ ಸುಮಾರು ೩೦ ಚಿತ್ರಗಳು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಸಮ್ಮೇಳನ, ನಾಟಕ, ಉಪನ್ಯಾಸಗಳನ್ನು ಅಲ್ಲಿಯ ಯಂತ್ರದಲ್ಲಿ ತುಂಬಿ ಇಲ್ಲಿಗೆ ಕಳುಹಿಸಿದ ಕ್ಯಾಸೆಟ್ಟುಗಳು ಇಲ್ಲಿಯ ಯಂತ್ರದಲ್ಲಿ ಬಣ್ಣವಿಲ್ಲದೆಯೂ ಉರುಳುತ್ತಲೂ ತೋರುವುದಕ್ಕೆ, ಕೆಲವೊಮ್ಮೆ ಏನೂ ತೋರದಿರುವುದಕ್ಕೆ ಇದೇ ಕಾರಣ. ಅವು ಕೆಟ್ಟಿಲ್ಲ, ಅವುಗಳಿಗೆ ಆ ದೇಶದ ಕ್ರಮವನ್ನು ಬಲ್ಲ ಯಂತ್ರವು ಬೇಕು.

(ಊ) ಚಿತ್ರದ ತಲೆಯು ಒಂದು ಪಕ್ಕಕ್ಕೆ ಬಾಗುವುದು ಅಥವಾ ನಡುಗುವುದು. ಟೇಪು ಹಿಗ್ಗಿರುವುದರಿಂದಲೋ ಯಂತ್ರದ ಎಳೆತವು ಸಮವಿಲ್ಲದಿರುವುದರಿಂದಲೋ ರೇಖೆಗಳು ಕಾಲಕ್ಕೆ ಸರಿಯಾಗಿ ಬಾರದಿರುವುದು ಇದರ ಕಾರಣ. ಹಳೆಯ ಟೆಲಿವಿಷನ್ನುಗಳು ಇದನ್ನು ಸಹಿಸುತ್ತಿದ್ದುವು. ಹೊಸ ಕಾಲದ ಯಂತ್ರಗಳು ಸಹಿಸದೆ ಚಿತ್ರವನ್ನೇ ಬಿಟ್ಟುಬಿಡುವುವು. ರೇಖೆಗಳನ್ನು ಕ್ಷಣಕಾಲ ಸಂಗ್ರಹಿಸಿ ಕಾಲಕ್ಕೆ ಸರಿಯಾಗಿ ಬಿಡುವ ‘ಟಿ.ಬಿ.ಸಿ.’ ಎಂಬ ಸಾಧನವು ಕೆಲವು ಹೈ೮ ಹಾಗೂ ಡಿಜಿಟಲ್೮ ಯಂತ್ರಗಳಲ್ಲಿ ಒಳಗೇ ಇರುವುದು. ಅದನ್ನು ಪಟ್ಟಿಯಲ್ಲಿ ಹುಡುಕಿ ಚಾಲನೆಗೊಳಿಸಬೇಕು.

(ಋ) ಟೇಪು ಓಡತೊಡಗಿ ಕೂಡಲೆ ನಿಲ್ಲುವುದು, ಅಥವಾ ಹೊರಬಂದಾಗ ಕುಣಿಕೆಯಾಗಿ ಜೋಲುವುದು. ಟೇಪನ್ನು ಒತ್ತಿ ಎಳೆಯುವ ರಬ್ಬರಿನ ಉರುಳೆಯು ವಯಸ್ಸಾಗಿ ಗಟ್ಟಿಯಾಗಿ ನುಣುಪಾಗಿರುವುದು, ಅಥವಾ ಟೇಪನ್ನು ಸುತ್ತಿಕೊಳ್ಳುವ ಗಾಲಿಯು ಜಾರುತ್ತಿರುವುದು ಇದರ ಕಾರಣ. ಗಾಲಿಯು ತಿರುಗದಿದ್ದರೆ ಯಂತ್ರವು ಅಪಾಯವನ್ನರಿತು ತಾನೇ ನಿಲ್ಲುವುದು. ಅದನ್ನು ಬಲವಂತವಾಗಿ ಮತ್ತೆ ಮತ್ತೆ ಓಡಿಸುವುದು ಟೇಪನ್ನು ಹರಿದುಹಾಕಿದಂತೆ. ಸಿಕ್ಕಿದ ಟೇಪನ್ನು ಎಳೆಯದೆ, ಕತ್ತರಿಸದೆ, ಯಂತ್ರವನ್ನು ಕುಶಲಿಯ ಕೈಗೆ ಕೊಡಬೇಕು.

(ೠ) ಕ್ಯಾಸೆಟ್ಟು ಯಾವುದಾದರೂ ಚಿತ್ರವೇ ಇಲ್ಲ, ಕಿಂಡಿಯು ಮಂಕು, ಯಂತ್ರದಿಂದ ಮೀನಿನಂತಹ ವಾಸನೆ. ೧೯೮೦ರ ದಶಕದ ಕೊನೆಯಿಂದ ೧೯೯೦ರ ದಶಕದ ಆದಿಯವರೆಗಿನ ಅನೇಕ ಯಂತ್ರಗಳಲ್ಲಿ, ಹಲಗೆಯ ಮೇಲೆ ಕೂರಿಸಿದ ಕೆಪಾಸಿಟರುಗಳೆಂಬ ಚಿಕ್ಕ ಡಬ್ಬಿಗಳೊಳಗಿನ ದ್ರವವು ಸೋರಿ ತಾಮ್ರದ ದಾರಿಗಳನ್ನು ಕೊರೆಯುವುದು. ಯಂತ್ರವನ್ನು ಬಳಸದೆ ಇಟ್ಟಿದ್ದರೂ ಈ ಕ್ಷಯವು ನಿಲ್ಲುವುದಿಲ್ಲ. ಡಬ್ಬಿಗಳನ್ನೆಲ್ಲ ತೆಗೆದು ಹೊಸದನ್ನು ಬೆಸೆಯುವುದೊಂದೇ ಚಿಕಿತ್ಸೆ; ಅದು ಮನೆಯಲ್ಲಿ ಮಾಡತಕ್ಕ ಕೆಲಸವಲ್ಲ.

ಕೆಲವು ಯಂತ್ರಗಳು ದೋಷವನ್ನು ತಾವೇ ಸಂಕೇತದಿಂದ ತಿಳಿಸುವುವು. ಸೋನಿ ಯಂತ್ರಗಳಲ್ಲಿ ‘ಸಿ:೨೧’ ಎಂದರೆ ಒಳಗೆ ತೇವ. ‘ಸಿ:೨೨’ ಎಂದರೆ ಹೆಡ್ಡು ಕೊಳೆ. ‘ಸಿ:೩೧’, ‘ಸಿ:೩೨’ ಎಂದರೆ ಬೇರೆಯ ತೊಡಕು. ಈ ಕಡೆಯದಕ್ಕೆ ಕ್ಯಾಸೆಟ್ಟನ್ನು ತೆಗೆದು, ಶಕ್ತಿಯನ್ನು ಕಳಚಿ, ಮತ್ತೆ ಸೇರಿಸಿ ನೋಡುವುದು ಮೊದಲ ಉಪಾಯ.

೫. ಹೆಡ್ಡಿನ ಶುದ್ಧೀಕರಣ

ಮೇಲೆ ಹೇಳಿದ ಲಕ್ಷಣಗಳಲ್ಲಿ ಹಲವಕ್ಕೆ ಇದೊಂದೇ ಪರಿಹಾರವಾದುದರಿಂದ ಇದನ್ನು ವಿವರವಾಗಿ ತಿಳಿಯುವುದು ಒಳ್ಳೆಯದು. ಸುಲಭವಾದ ಸಾಧನವು ಒಣ ಶುದ್ಧೀಕರಣದ ಕ್ಯಾಸೆಟ್ಟು. ಅದನ್ನು ಹಾಕಿ ಹತ್ತು ಸೆಕೆಂಡಿನಷ್ಟು ಮಾತ್ರ ಓಡಿಸಬೇಕು. ಅದರ ಟೇಪು ಒರಟಾದುದು, ಕೊಳೆಯನ್ನು ಉಜ್ಜಿ ತೆಗೆಯುವುದು. ಹೆಚ್ಚು ಓಡಿಸಿದರೆ ಕೊಳೆಯೊಡನೆ ಹೆಡ್ಡೂ ಸವೆಯುವುದು. ಒಮ್ಮೆ ಓಡಿದ ಭಾಗವು ಕೊಳೆಯನ್ನು ಹೊತ್ತಿರುವುದರಿಂದ ಪ್ರತಿಸಲವೂ ಹಿಂದಕ್ಕೆ ಸುತ್ತದೆ ಮುಂದಿನ ಭಾಗವನ್ನೇ ಬಳಸತಕ್ಕದ್ದು. ಎರಡು ಮೂರು ಸಲದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು.

ಎರಡನೆಯದು ಒದ್ದೆಯ ಶುದ್ಧೀಕರಣ. ನೀರು ಬಹಳ ಕಡಮೆಯಿರುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೂಲೆದ್ದು ಬಾರದ ಮೆದು ಚರ್ಮವನ್ನು ತೇವಮಾಡಿ, ಡ್ರಮ್ಮಿನ ಪಕ್ಕಕ್ಕೆ ಮೆಲ್ಲಗೆ ಒತ್ತಿ ಹಿಡಿದು, ಚರ್ಮವನ್ನು ಕದಲಿಸದೆ ಡ್ರಮ್ಮನ್ನೇ ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಮೇಲಿನಿಂದ ಕೆಳಕ್ಕೆ ಎಂದಿಗೂ ಒರಸಕೂಡದು. ಹೆಡ್ಡಿನ ತುದಿಯು ಅಡ್ಡಲಾಗಿ ಬಂದ ಒತ್ತಡಕ್ಕೆ ಮುರಿಯುವಷ್ಟು ನಾಜೂಕಾದುದು. ಹತ್ತಿಯ ಕಡ್ಡಿಯನ್ನು ಬಳಸಕೂಡದು. ಅದರ ಎಳೆಯು ಹೆಡ್ಡಿಗೆ ಸಿಕ್ಕಿಕೊಳ್ಳುವುದು. ದ್ರವವು ಪೂರ್ತಿಯಾಗಿ ಆರುವ ಮುನ್ನ ಟೇಪನ್ನು ಹಾಕಿದರೆ ಅದು ಒದ್ದೆಯಾದ ಡ್ರಮ್ಮಿಗೆ ಅಂಟಿ ಹರಿಯುವುದು. ಕೈಯ ಸ್ಥಿರತೆಯನ್ನು ನಂಬದವರು ಈ ಕೆಲಸಕ್ಕೆ ಇಳಿಯದಿರುವುದೇ ಲೇಸು.

೬. ತೇವ, ಬೂಷ್ಟು, ಜೀರ್ಣತೆ

ತಂಪಾದ ಕೋಣೆಯಿಂದ ಬೆಚ್ಚಗಿನ ತೇವದ ಗಾಳಿಗೆ ತಂದ ಯಂತ್ರದ ಡ್ರಮ್ಮಿನ ಮೇಲೆ, ಕನ್ನಡಕದ ಮೇಲೆ ಕಟ್ಟುವಂತೆ, ನೀರಿನ ಸೂಕ್ಷ್ಮಬಿಂದುಗಳು ಕಟ್ಟುವುವು. ಅನೇಕ ಯಂತ್ರಗಳಲ್ಲಿ ಅದನ್ನರಿತು ಓಟವನ್ನು ತಡೆಯುವ ಅಂಗವೊಂದಿರುವುದು. ಆಗ ಕ್ಯಾಸೆಟ್ಟನ್ನು ತೆಗೆದು, ಬಾಗಿಲನ್ನು ತೆರೆದು, ಒಂದು ಗಂಟೆಯಾದರೂ ಬಿಡಬೇಕು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದೆ ಒಣಹವೆಯ ತಿಂಗಳುಗಳನ್ನು ಆರಿಸಿಕೊಳ್ಳುವುದು ವಿವೇಕ. ಅದೇ ಪ್ರದೇಶಗಳಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದೂ ಹೆಚ್ಚು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಬೇರೆಯಾಗಿ ಮುಚ್ಚಿಟ್ಟು, ಆ ಕೆಲಸವನ್ನು ಬಲ್ಲ ಸಂಗ್ರಹಾಲಯದವರಿಗೆ ಒಪ್ಪಿಸಬೇಕು.

ಟೇಪು ಓಡುವಾಗ ಕಿರುಗುಟ್ಟುತ್ತ ನಿಧಾನವಾಗುವುದಾದರೆ, ಕಣಗಳನ್ನು ಹಿಡಿದ ಅಂಟು ಗಾಳಿಯ ತೇವವನ್ನು ಹೀರಿ ಸಡಿಲಿದೆಯೆಂದು ಸಂಶಯಿಸಬೇಕು. ಅಂತಹ ಟೇಪಿನ ಲೇಪವು ಹೆಡ್ಡಿಗೆ ಮೆತ್ತುವುದು; ಮೆತ್ತಿದುದೆಲ್ಲ ಕಳೆದುಹೋದ ಬರಹ. ಕೆಲವು ಜಾತಿಯ ಟೇಪುಗಳನ್ನು ಹದವಾದ ಶಾಖದಲ್ಲಿಟ್ಟು ತಾತ್ಕಾಲಿಕವಾಗಿ ಗುಣಪಡಿಸುವ ಕ್ರಮವು ಪ್ರಯೋಗಾಲಯಗಳಲ್ಲುಂಟು. ಎಲ್ಲ ಜಾತಿಗೂ ಅದು ಸಲ್ಲದು. ಅಡುಗೆಮನೆಯ ಒಲೆಯಲ್ಲಿ ಅದನ್ನು ಪ್ರಯೋಗಿಸುವುದು ಅನಾಹುತ. ಕಿರುಗುಟ್ಟಿದೊಡನೆ ನಿಲ್ಲಿಸುವುದಷ್ಟೇ ಮನೆಯವರ ಕರ್ತವ್ಯ.

೭. ಪ್ರತಿಯೂ ಪಾಠಶುದ್ಧಿಯೂ

ದೋಷವು ಪರಿಹಾರವಾಗಿ ಚಿತ್ರವು ಕಂಡಾಗ ಸಂತೋಷದಿಂದ ಹಿಂದೆ ಮುಂದೆ ಓಡಿಸಿ ನೋಡುವುದು ಸ್ವಾಭಾವಿಕ. ಆದರೆ ಅದು ತಪ್ಪು. ಜೀರ್ಣವಾದ ಟೇಪಿಗೆ ಒಂದೊಂದು ಓಟವೂ ಒಂದೊಂದು ಸವೆತ. ಕಂಡ ಮೊದಲ ಓಟದಲ್ಲಿಯೇ ಪ್ರತಿಯಾಗುವಂತೆ ಎಲ್ಲವನ್ನೂ ಸಿದ್ಧಮಾಡಿಟ್ಟುಕೊಂಡಿರಬೇಕು. ಮಿನಿಡಿವಿ, ಡಿಜಿಟಲ್೮ಗಳಲ್ಲಿ ಬರಹವು ಅಂಕೆಗಳ ರೂಪದಲ್ಲಿರುವುದರಿಂದ, ಫೈರ್‌ವೈರ್ ಅಥವಾ ಐ.ಲಿಂಕ್ ಎಂಬ ತಂತಿಯ ಮೂಲಕ ಆ ಅಂಕೆಗಳನ್ನೇ ಕಂಪ್ಯೂಟರಿಗೆ ಇಳಿಸಿಕೊಳ್ಳತಕ್ಕದ್ದು. ಒಂದು ಗಂಟೆಯ ಟೇಪಿಗೆ ಸುಮಾರು ೧೩ ಗಿಗಾಬೈಟು ಸ್ಥಳವು ಬೇಕಾಗುವುದು. ಸ್ಥಳವನ್ನು ಉಳಿಸಲು ಅದನ್ನು ಕುಗ್ಗಿಸಿ ಮೂಲವನ್ನು ಅಳಿಸುವುದು, ತಾಳೆಗರಿಯ ಸಾರಾಂಶವನ್ನು ಬರೆದುಕೊಂಡು ಗರಿಯನ್ನು ಹೊಳೆಗೆ ಬಿಟ್ಟಂತೆ. ವಿಡಿಯೋ೮, ಹೈ೮ ಟೇಪುಗಳನ್ನು ಅವುಗಳನ್ನು ಓದಬಲ್ಲ ಡಿಜಿಟಲ್೮ ಯಂತ್ರದಲ್ಲಿ ಹಾಕಿದರೆ ಅದೇ ತಂತಿಯಿಂದ ಪ್ರತಿಯನ್ನು ಪಡೆಯಬಹುದು.

ಸಾಹಿತ್ಯದ ವಿದ್ವಾಂಸರು ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಅಂಕೆಯ ಕ್ರಮದ ಯಂತ್ರವು ಗೆರೆಯ ಕೆಲವು ಭಾಗವನ್ನು ಓದಲಾರದೆ ಹೋದಾಗ ಆ ಎಡೆಯನ್ನು ಬರಿದಾಗಿ ಬಿಡುವುದಿಲ್ಲ. ಹಿಂದಿನ ಚಿತ್ರದ ಅದೇ ಭಾಗವನ್ನು ತಂದು ತುಂಬುವುದು. ನೋಡುವವರಿಗೆ ಕೊರತೆಯು ತಿಳಿಯದು. ಇದು ಅಕ್ಷರವು ಅಳಿಸಿದ ಎಡೆಯಲ್ಲಿ ತನ್ನ ಊಹೆಯನ್ನು ಬರೆದು ಮೌನವಾಗಿರುವ ಲಿಪಿಕಾರನ ನಡತೆ. ಯಕ್ಷಗಾನದ ಹಸ್ತಾಭಿನಯವನ್ನಾಗಲಿ, ಹಾಡುವವರ ತುಟಿಯ ಚಲನೆಯಿಂದ ಉಚ್ಚಾರವನ್ನಾಗಲಿ ಪರಿಶೀಲಿಸುವವರಿಗೆ ಈ ತುಂಬಿಕೆಯು ಭ್ರಾಂತಿಯನ್ನು ತರಬಹುದು. ಅದೃಷ್ಟವಶಾತ್, ಎಲ್ಲೆಲ್ಲಿ ಹೀಗೆ ತುಂಬಿತೆಂಬ ಗುರುತನ್ನು ಅಂಕೆಗಳ ಪ್ರವಾಹವೇ ಹೊತ್ತು ತರುವುದು. ಡಿವಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ಆ ಗುರುತುಗಳನ್ನು ತೋರಿಸುವುದಲ್ಲದೆ, ಒಂದೇ ಟೇಪಿನಿಂದ ಹಲವು ಸಲ ಇಳಿಸಿದ ಪ್ರತಿಗಳನ್ನು ಹೋಲಿಸಿ, ಒಂದರಲ್ಲಿ ತಪ್ಪಿದುದನ್ನು ಇನ್ನೊಂದರಿಂದ ತುಂಬಿ ಶುದ್ಧಪ್ರತಿಯನ್ನು ಕಟ್ಟಬಲ್ಲುದು. ಹಲವು ಹಸ್ತಪ್ರತಿಗಳಿಂದ ಪಾಠವನ್ನು ನಿರ್ಣಯಿಸುವ ಸಂಪಾದನಶಾಸ್ತ್ರಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆದುದರಿಂದ ಮಿನಿಡಿವಿಯಲ್ಲಿ, ಟೇಪು ಗಟ್ಟಿಯಾಗಿದ್ದರೆ ಮಾತ್ರ, ಎರಡನೆಯ ಓಟವು ಸಾರ್ಥಕ. ಪ್ರತಿಯೊಡನೆ ಯಂತ್ರ ಯಾವುದು, ಓಟವೆಷ್ಟು, ತ್ರುಟಿತವೆಲ್ಲಿ ಎಂಬ ಒಂದು ಪುಟದ ವಿವರವನ್ನು ಇಡುವುದು ಮುಂದಿನವರಿಗೆ ಉಪಕಾರ.

ಕಾಲವು ಈ ಕಾರ್ಯಕ್ಕೆ ಅನುಕೂಲವಾಗಿಲ್ಲ. ಜಪಾನಿನ ಫುನಾಯಿ ಸಂಸ್ಥೆಯು ವಿ.ಎಚ್.ಎಸ್. ಯಂತ್ರಗಳ ತಯಾರಿಕೆಯನ್ನು ೨೦೧೬ರಲ್ಲಿ ನಿಲ್ಲಿಸಿತು. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು ೨೦೧೫ರಲ್ಲಿಯೇ ಕಾಂತದ ಟೇಪುಗಳಿಗೆ ೨೦೨೫ನೆಯ ವರ್ಷವನ್ನು ಗಡುವಾಗಿ ಸೂಚಿಸಿ ಎಚ್ಚರಿಸಿತ್ತು. ಟೇಪು ಉಳಿದರೂ ಓದುವ ಯಂತ್ರವೂ ಅದನ್ನು ದುರಸ್ತಿಮಾಡುವ ಕೈಯೂ ಉಳಿಯವೆಂಬುದು ಆ ಎಚ್ಚರಿಕೆಯ ತಿರುಳು.

ತುಳುನಾಡಿನ ಗೋಪಾಲ ನಾಯ್ಕರು ಸಿರಿ ಮಹಾಕಾವ್ಯವನ್ನು ಹಾಡಿದುದನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರೂ ಇಲ್ಲಿಯ ವಿದ್ವಾಂಸರಾದ ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡ ಅವರೂ ೧೯೯೦ರಲ್ಲಿ ಶಬ್ದದಲ್ಲಿಯೂ ವಿಡಿಯೋದಲ್ಲಿಯೂ ದಾಖಲಿಸಿದರು. ೧೫,೬೮೩ ಸಾಲುಗಳ ಆ ಪಾಠವು ೧೯೯೮ರಲ್ಲಿ ಅಚ್ಚಾಯಿತು. ಅಚ್ಚಾದ ಸಾಲುಗಳು ಉಳಿಯುವುವು. ಸಾಲಿನ ನಡುವೆ ಹಾಡುಗಾರರು ನಿಂತ ನಿಲುವು, ಉಸಿರು, ಕೈಯ ಸನ್ನೆ, ಕೇಳುವವರ ಮುಖಭಾವ ಇವು ಅಚ್ಚಿಗೆ ಬಾರವು. ಇವುಗಳಿಗೆ ಟೇಪೊಂದೇ ಗ್ರಂಥ. ಇಂತಹ ದೊಡ್ಡ ಕಾರ್ಯಗಳಿಗೆ ಕಾವಲುಂಟು. ಯಾವ ಸಂಪುಟದಲ್ಲಿಯೂ ಸೇರದೆ ಒಬ್ಬೊಬ್ಬ ಅಧ್ಯಾಪಕರ ಮನೆಯ ಬೀರುವಿನಲ್ಲಿ ಉಳಿದಿರುವ ಕ್ಯಾಸೆಟ್ಟಿಗೆ ಕಾವಲು ಆ ಅಧ್ಯಾಪಕರೇ. ನೀಲಿಯ ತೆರೆಯನ್ನು ಕಂಡೊಡನೆ ಅದನ್ನು ಬಿಸುಡದೆ, ಮೊದಲು ಕೆಂಪು ಗುರುತನ್ನು ಸರಿಸಿ, ಅನಂತರ ಒಂದು ಒಳ್ಳೆಯ ಕ್ಯಾಸೆಟ್ಟನ್ನು ಹಾಕಿ ಪರೀಕ್ಷಿಸಿದರೆ, ಅಳಿಯಿತೆಂದು ತಿಳಿದ ಧ್ವನಿಗಳಲ್ಲಿ ಕೆಲವಾದರೂ ಮರಳಿ ಕೇಳುವುವು.